ಸ್ಲೊವಾಕರ ಊರಿನಲ್ಲಿ ಆಡಿದ ಮೊದಲ ಮಾತು

ಗಸಗಸೆ ಹುರಿಯುವ ವಾಸನೆ ಬಂದರೆ ಸಾಕು, ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನ ನಮ್ಮ ಹಳೆಯ ಮನೆಯ ಅಡುಗೆಮನೆ ಕಣ್ಣಮುಂದೆ ಬಂದು ನಿಲ್ಲುತ್ತದೆ. ಸ್ಮೋಕ್ ಅಲಾರಂ ಎಲ್ಲಿ ಕೂಗಿಕೊಳ್ಳುತ್ತದೋ ಎಂಬ ಭಯಕ್ಕೆ ಕಿಟಕಿಗಳನ್ನೆಲ್ಲ ತೆರೆದಿಟ್ಟು ಅಜ್ಜಿ ಪಾಯಸಕ್ಕೆ ಗಸಗಸೆ ಹುರಿಯುತ್ತಿದ್ದಳು. ಅವಳು ಅಮ್ಮನ ತಾಯಿ. ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದಳು. ನನಗಾಗ ಹತ್ತು ವರ್ಷ. ಅವಳು ಹೇಳಿದ್ದೆಲ್ಲ ನನಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಹಿಂದೊಮ್ಮೆ, ಎಲ್ಲರೂ ಒಂದೊಂದು ಅಡುಗೆ ತಂದು ಸೇರುವ ಪಾಟ್‌ಲಕ್ಕಿನಲ್ಲಿ ನನ್ನ ಕನ್ನಡ ಕೇಳಿ ಆಂಟಿಯರೆಲ್ಲ "ಅಯ್ಯೋ, ಎಷ್ಟು ಕ್ಯೂಟು!" ಎಂದು ನಕ್ಕಿದ್ದರು. ಅಂದಿನಿಂದ ಆ ಭಾಷೆಯ ಮಟ್ಟಿಗೆ ನನ್ನ ಬಾಯಿಗೆ ಬೀಗ. ಅಜ್ಜಿಗೋ ಇಂಗ್ಲಿಷ್ ಎಂದರೆ ಯೆಸ್, ನೋ, ಥ್ಯಾಂಕ್ಯೂ, ಅಷ್ಟೇ. ಹೀಗಾಗಿ ಒಂದೇ ಮನೆಯಲ್ಲಿದ್ದೂ ನಾವಿಬ್ಬರು ಹೆಚ್ಚಾಗಿ ನಗುವಿನಲ್ಲೇ ಕಾಲ ಕಳೆಯುತ್ತಿದ್ದೆವು. ಅಪ್ಪ ಆ ಮನೆಯನ್ನು ಮಾರಿ ಮರ್ಫಿ ಎಂಬ ಊರಿಗೆ ಶಿಫ್ಟ್ ಆಗಿ ವರ್ಷಗಳೇ ಆದವು.

ಅದಿತಿ ನನ್ನ ವಯಸ್ಸಿನವಳೇ. ಅವಳ ಅಪ್ಪ ನನ್ನ ಅಪ್ಪನ ಹಳೆಯ ಗೆಳೆಯ; ಅವರು ಬೆಂಗಳೂರಿನಿಂದ ಹ್ಯೂಸ್ಟನ್ನಿನ ಸೈಪ್ರೆಸ್‌ಗೆ ಬಂದು ಎರಡೇ ವರ್ಷವಾಗಿತ್ತು. ಒಂದು ಶನಿವಾರ ಎರಡೂ ಮನೆಯವರು ಅರ್ಧ ದಾರಿಯಲ್ಲಿ ಸೇರೋಣವೆಂದು ಮಾತಾಯಿತು. ಆ ಅರ್ಧ ದಾರಿಯಲ್ಲಿದ್ದದ್ದು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಸ್ಲೊವಾಕರು ಹಡಗಿನಲ್ಲಿ ಬಂದು ಕಟ್ಟಿಕೊಂಡ ಒಂದು ಪುಟ್ಟ ಊರು: ಒಂದು ಬೀದಿ, ಒಂದು ಬೇಕರಿ, ಹುಲ್ಲುಗಾವಲಿನ ನಡುವೆ ಒಂದು ಮರದ ಚರ್ಚು. ನಾವು ಓಕ್ ಮರದ ಕೆಳಗೆ ಬೆಡ್‌ಶೀಟ್ ಹಾಸಿ ಪುಳಿಯೋಗರೆ, ಮೊಸರನ್ನ ತಿಂದೆವು. ಅಪ್ಪಂದಿರು ಅಲ್ಲೇ ಅಡ್ಡಾದರು. ಯಾರಿಗೂ ಯಾವ ಅವಸರವೂ ಇರಲಿಲ್ಲ. ಕಾರಿಳಿದ ಕ್ಷಣದಿಂದ ಅದಿತಿ "ಅಜ್ಜಿ, ಅಜ್ಜಿ" ಎಂದು ನನ್ನ ಅಜ್ಜಿಗೆ ಅಂಟಿಕೊಂಡಿದ್ದಳು. ಬೇಕರಿಯ ಸುರುಳಿ ಬ್ರೆಡ್ಡನ್ನು ಮುರಿದು ಮೂಸಿ, "ಅಯ್ಯೋ, ಒಳಗಿರೋದು ನಮ್ಮ ಗಸಗಸೆನೇ ಕಣೇ!" ಎಂದು ಅಜ್ಜಿ ಹೇಳಿದ್ದು ಅವಳಿಗೆ, ಮೊದಲ ತುಂಡು ಕೊಟ್ಟಿದ್ದೂ ಅವಳಿಗೇ. ನಾಲ್ಕು ತಿಂಗಳಿಂದ ಅಜ್ಜಿಯ ಹೊಟ್ಟೆಯಲ್ಲೇ ಉಳಿದಿದ್ದ ಮಾತೆಲ್ಲ ಅವತ್ತು ಹೊರಬಂತು; ತನ್ನ ಅತ್ತೆ ಎಂಥ ಜಿಪುಣಿ, ಮದುವೆಯ ದಿನ ತಾನು ಹೇಗೆ ಜಾರಿ ಬಿದ್ದೆ, ಎಲ್ಲವೂ. ಎರಡು ಹೆಜ್ಜೆ ಹಿಂದೆ ನಡೆಯುತ್ತ ನಾನು ಒಂದೊಂದು ಮಾತನ್ನೂ ಕೇಳಿಸಿಕೊಂಡೆ. ನನ್ನ ಅಜ್ಜಿ, ನನ್ನ ಕಥೆಗಳು, ಅವಳ ಪಾಲಾಗುತ್ತಿದ್ದವು. ಅದಿತಿಯ ಜಡೆ ಹಿಡಿದು ಎಳೆಯಬೇಕೆನಿಸಿತ್ತು.

ಚರ್ಚಿನ ಬಾಗಿಲಲ್ಲಿ ಅಜ್ಜಿ ಸೀರೆಯನ್ನು ತುಸು ಎತ್ತಿ ಹಿಡಿದು ಸ್ನೀಕರ್ಸ್ ಕಳಚಿಟ್ಟಳು. ಅಮ್ಮ "ಇಲ್ಲಿ ಬಿಡೋದು ಬೇಡಮ್ಮ" ಎಂದರೆ, "ದೇವರ ಮನೆ ಯಾರದಾದ್ರೇನೇ" ಎಂದು ಕಾಲುಚೀಲದಲ್ಲೇ ಒಳಗೆ ನಡೆದಳು. ಅಮ್ಮಂದಿರು ಹೊರಗಿನ ಸಮಾಧಿಗಳ ಕಡೆಗೆ ಹೋದರು. ಒಳಗೆ ನೀಲಿ ಚಾವಣಿಯ ತುಂಬ ಚಿನ್ನದ ಬಣ್ಣದ ನಕ್ಷತ್ರಗಳು. ಬೆಂಚು ಒರೆಸುತ್ತಿದ್ದ ಬಿಳಿಗೂದಲಿನ ಹೆಂಗಸೊಬ್ಬರು ಅಜ್ಜಿಯ ಕಾಲನ್ನು ನೋಡಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು, ಬಂದು ಪಕ್ಕದಲ್ಲೇ ಕುಳಿತರು. ಅದಿತಿ ಇಬ್ಬರ ಮಾತನ್ನೂ ಅತ್ತಿಂದಿತ್ತ ದಾಟಿಸತೊಡಗಿದಳು. ಒಂದಿಷ್ಟು ಹೊತ್ತಿನ ಮೇಲೆ ಆ ಹೆಂಗಸು ಅದಿತಿಯ ತಲೆ ಸವರಿ ಇಂಗ್ಲಿಷಿನಲ್ಲಿ ಹೇಳಿದರು: ನೀವು ಪುಣ್ಯವಂತರು, ನಿಮ್ಮ ಮೊಮ್ಮಗಳಿಗೆ ನಿಮ್ಮ ಭಾಷೆ ಬರುತ್ತದೆ, ನನ್ನ ಮೊಮ್ಮಕ್ಕಳಲ್ಲಿ ಒಬ್ಬರಿಗೂ ಸ್ಲೊವಾಕ್ ಬರುವುದಿಲ್ಲ, ಸ್ವಲ್ಪ ಕೂತಿರಿ, ನನ್ನ ಅಮ್ಮ ಹೇಳುತ್ತಿದ್ದ ಹಾಡೊಂದನ್ನು ಹಾಡುತ್ತೇನೆ, ಕೇಳುವವರಿಲ್ಲದೆ ಬಹಳ ಕಾಲವಾಯಿತು.

ನಿಮ್ಮ ಮೊಮ್ಮಗಳು! ಅದಿತಿ ಇನ್ನೂ ಬಾಯಿ ತೆರೆದಿರಲಿಲ್ಲ. "ಏನಂತಾರೇ ಅವ್ರು?" ಎಂದು ಅಜ್ಜಿ ಕೇಳಿದ್ದೂ ಅವಳನ್ನೇ. ನಾನು ನಡುವೆ ನುಗ್ಗಿದೆ.

"ಬಾಗಿಲು ಹಾಕ್ಬೇಕಂತೆ ಅಜ್ಜಿ. ನಾವು ಹೋಗ್ಬೇಕಂತೆ."

ಅಜ್ಜಿ ನನ್ನನ್ನೇ ನೋಡಿದಳು. ಹೋಗಬೇಕೆಂಬ ಮಾತು ಅವಳ ಕಿವಿಗೆ ಬಿದ್ದಂತೆಯೇ ಇರಲಿಲ್ಲ. "ಇನ್ನೊಂದ್ಸಲ ಹೇಳು ಪುಟ್ಟಿ" ಎಂದಳು. ನಾನು ಇನ್ನೊಂದು ಸಲ ಹೇಳಿದೆ. ಅಜ್ಜಿ ಅದಿತಿಯ ಕೈ ಬಿಟ್ಟು ನನ್ನ ಕೈ ಹಿಡಿದು ಎದ್ದಳು, ಆ ಹೆಂಗಸಿಗೆ ಕೈಮುಗಿದು "ಥ್ಯಾಂಕ್ಯೂ, ಥ್ಯಾಂಕ್ಯೂ" ಎಂದು ಹೊರಟೇಬಿಟ್ಟಳು. ಹಾಡಲೆಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದ ಅವರು ಏನೂ ತಿಳಿಯದೆ ಹಾಗೇ ಕುಳಿತಿದ್ದರು. ಅದಿತಿ ನನ್ನ ಮುಖ ನೋಡಿದಳು, ಯಾರಿಗೂ ಏನೂ ಹೇಳಲಿಲ್ಲ. ಅವಳು ಅಷ್ಟು ಒಳ್ಳೆಯವಳಾಗಿದ್ದದ್ದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ದಾರಿಯುದ್ದಕ್ಕೂ ಅಜ್ಜಿಯದು ಅದೇ ಮಾತು. ಮನೆಗೆ ಬಂದವಳೇ ಮೈಸೂರಿಗೆ ಫೋನ್ ಮಾಡಿಸಿ, "ಪುಟ್ಟಿ ಕನ್ನಡ ಮಾತಾಡಿದ್ಲು ಕಣೋ!" ಎಂದು ಮಾಮನಿಗೆ ಹೇಳಿದಳು. ಊರಿಗೆ ಮರಳಿದ ಮೇಲೆ ಪ್ರತಿ ಭಾನುವಾರ ಫೋನಿನಲ್ಲಿ ನನಗೆ ಅ, ಆ, ಇ, ಈ ಕಲಿಸಿದಳು, ಆಮೇಲೆ ಮಾತು, ಆಮೇಲೆ ಪತ್ರ ಬರೆಯುವುದು. ಅವಳ ಅತ್ತೆಯ ಜಿಪುಣತನವನ್ನು ನನಗೂ ಹೇಳಿದಳು. ಪ್ರತಿ ಸಲವೂ ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಆದರೆ "ಆ ಚರ್ಚಲ್ಲಿ ಎಷ್ಟು ಚೆನ್ನಾಗಿ ಹೇಳ್ದೆ ನೀನು" ಎಂದು ಅವಳೇ ಮೊದಲು ಶುರು ಮಾಡುತ್ತಿದ್ದಳು, ನಾನು ಮುಂದಿನ ಪಾಠ ಕೇಳುತ್ತಿದ್ದೆ.

ಅಜ್ಜಿ ಹೋಗಿ ಮೂರು ವರ್ಷವಾಯಿತು. ಅದಿತಿ ಈಗ ಆಸ್ಟಿನ್‌ನಲ್ಲಿದ್ದಾಳೆ. ಕಂಡಾಗೆಲ್ಲ ಅಜ್ಜಿಯ ಮಾತಾಡುತ್ತೇವೆ, ಕನ್ನಡದಲ್ಲೇ. ಆ ದಿನದ ಸುದ್ದಿಯನ್ನು ಅವಳೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಇಲ್ಲ ಅಜ್ಜಿ, ಅವರು ಬಾಗಿಲು ಹಾಕುತ್ತೇನೆ ಎನ್ನಲಿಲ್ಲ, ನಿನಗೊಂದು ಹಾಡು ಹಾಡುತ್ತೇನೆ ಎಂದರು. ಇಷ್ಟನ್ನು ಒಂದೂ ತಪ್ಪಿಲ್ಲದೆ ಹೇಳುವಷ್ಟು ಕನ್ನಡವನ್ನು ನೀನು ನನಗೆ ಕಲಿಸಿಯೇ ಹೋದೆ.