ಕೆಳಗಿನ ಕೊಂಬೆಯ ಹಣ್ಣು

“ಟೀಚರೇ, ಸ್ವಲ್ಪ ಕೂತು ನೀವೇ ಕೊಯ್ದು ನೋಡಿ” ಎಂದರು ಸರೋಜಕ್ಕ, ಕಾಫಿ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತುಕೊಂಡೇ. ಕೊಟ್ಟಿಗೆಹಾರದ ಹತ್ತಿರದ ಆ ತೋಟಕ್ಕೆ ನಾನು ಹೋಗಿದ್ದು ಅವರ ಮಗಳ ಮೇಲೆ ದೂರು ಹೇಳಲು. ಇಂಗ್ಲಿಷ್ ನುಡಿಗಟ್ಟುಗಳ ಪರೀಕ್ಷೆಯಲ್ಲಿ ‘ಲೋ ಹ್ಯಾಂಗಿಂಗ್ ಫ್ರೂಟ್’, ಅಂದರೆ ಕೆಳಗೆ ಜೋತುಬಿದ್ದ ಹಣ್ಣು, ಎಂಬುದಕ್ಕೆ ‘ಸುಲಭವಾಗಿ ಕೈಗೆ ಸಿಗುವಂಥದ್ದು’ ಎಂದು ಬರೆಯುವ ಬದಲು ಆ ಹುಡುಗಿ ‘ತುಂಬಾ ಕಷ್ಟದ ಕೆಲಸ’ ಎಂದು ಬರೆದಿದ್ದಳು. ಪಾಠವನ್ನೇ ಕೇಳಿಸಿಕೊಂಡಿಲ್ಲವೆಂದು ನನಗೆ ಸಿಟ್ಟು.

ಕೂತೆ. ಒಂದು ಗಿಡದ ಕೆಳಗಿನ ಕೊಂಬೆಗಳ ಹಣ್ಣು ಬಿಡಿಸುವಷ್ಟರಲ್ಲಿ ಸೊಂಟ ಹಿಡಿಯಿತು, ಕಣ್ಣಿಗೆ ಕಸ ಬಿತ್ತು, ಕಾಲಿಗೆ ಇರುವೆ ಹತ್ತಿತು. ಸರೋಜಕ್ಕ ನಕ್ಕು, ಪಕ್ಕದಲ್ಲಿ ನಿಂತು ಕೊಯ್ಯುತ್ತಿದ್ದ ಬಸುರಿ ಹೆಂಗಸನ್ನು ತೋರಿಸಿದರು.

“ಎದೆಮಟ್ಟದ್ದೆಲ್ಲ ಅವಳಿಗೆ ಬಿಟ್ಟಿದೀವಿ, ಕೆಳಗಿಂದು ನಮ್ಗೆ. ದಿನಾ ಸಂಜೆ ನನ್ನ ಸೊಂಟಕ್ಕೆ ಎಣ್ಣೆ ತಿಕ್ಕೋಳು ಮಗಳೇ ಅಲ್ವಾ, ಅದಕ್ಕೇ ಹಂಗೆ ಬರ್ದಿದಾಳೆ.”

ಮರುದಿನ ತರಗತಿಯಲ್ಲಿ ಬೋರ್ಡಿನ ಮೇಲೆ ಎರಡೂ ಅರ್ಥ ಬರೆದೆ. ಪರೀಕ್ಷೆಗೆ ಪುಸ್ತಕದ್ದನ್ನೇ ಬರೆಯಿರಿ ಎಂದೆ. ಆದರೆ ಆ ಹುಡುಗಿಯ ಉತ್ತರಕ್ಕೆ ಹಾಕಿದ್ದ ತಪ್ಪು ಗುರುತನ್ನು ನಾನೇ ಹೊಡೆದುಹಾಕಿದೆ. ನನ್ನ ಸೊಂಟನೋವು ಇನ್ನೂ ಹೋಗಿರಲಿಲ್ಲ.