ಅತ್ತೆಯ ಜಪಾನಿ ಹಾಡುಗಳು

ನಮ್ಮತ್ತೆ ಹೋಗಿ ವರ್ಷ ಕಳೆದರೂ ಯೂಟ್ಯೂಬಿಗೆ ಸುದ್ದಿ ಮುಟ್ಟಿಲ್ಲ. ಅವರ ಟ್ಯಾಬ್ ಆನ್ ಮಾಡಿದರೆ ಸಾಕು, ಬಿಳಿ ಗೌನಿನ ಜಪಾನಿ ಮದುಮಗಳೊಬ್ಬಳು ಮೈಕ್ ಹಿಡಿದು, ಅಳುವುದಕ್ಕೆ ತಯಾರಾಗಿ ನಿಂತಿರುತ್ತಾಳೆ. ನಿಮಗಾಗಿ ಆರಿಸಿದ್ದು ಎಂದು ಕೆಳಗೆ ಬರೆದಿರುತ್ತದೆ. ಯಾರಿಗಾಗಿ ಆರಿಸಿದ್ದೋ ಅವರನ್ನು ಮೈಸೂರಿನಲ್ಲಿ ಸುಟ್ಟು, ಬೂದಿಯನ್ನು ಕಾವೇರಿಗೆ ಬಿಟ್ಟು, ನಾವು ಗಲ್ಫಿನ ಈ ಮುಐದರ್‌ನ ಮನೆಗೆ ಹಿಂದಿರುಗಿ, ಮತ್ತೆ ವರ್ಷದ ತಿಥಿಗೆ ಹೋಗಿ ಬಂದದ್ದೂ ಆಯಿತು.

ಅವರು ವಿಸಿಟ್ ವೀಸಾದಲ್ಲಿ ಇಲ್ಲಿಗೆ ಬಂದದ್ದು ಬೇಸಿಗೆ ಶುರುವಾಗುವ ಹೊತ್ತಿಗೆ. ಒಂದು ವಿಲ್ಲಾವನ್ನು ಅಡ್ಡಗೋಡೆ ಹಾಕಿ ನಾಲ್ಕಾರು ಸಂಸಾರಕ್ಕೆ ಹಂಚಿದ ಮನೆ ನಮ್ಮದು. ನಮ್ಮ ಪಾಲಿಗೆ ಒಂದು ಹಾಲ್, ಒಂದು ರೂಮು, ಪಕ್ಕದವರ ನೀರಿನ ಟ್ಯಾಂಕು ಕಾಣುವ ಅಡುಗೆಮನೆ. ನಮ್ಮವರಿಗೆ ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟ್ ಕೆಲಸ. ನಾನು ಪಿಯುಸಿ ಓದಿ, ಟೈಪಿಂಗ್ ಕಲಿತು, ಈಗ ಲುಸೈಲಿನ ಒಂದು ಆಫೀಸಿನಲ್ಲಿ ಫೈಲು ಜೋಡಿಸುವವಳು. ಹಗಲೆಲ್ಲ ಅತ್ತೆಗೆ ಇದ್ದದ್ದು ಎಸಿಯ ಸದ್ದು ಮತ್ತು ಟ್ಯಾಬು. ಮೊದಲು ದೇವರನಾಮ ಕೇಳುತ್ತಿದ್ದರು. ಒಂದು ಮಧ್ಯಾಹ್ನ ಕೇಳುತ್ತಲೇ ನಿದ್ದೆ ಹೋಗಿದ್ದಾರೆ. ಎದ್ದು ನೋಡುವಷ್ಟರಲ್ಲಿ ಟ್ಯಾಬು ತನ್ನ ಪಾಡಿಗೆ ಹಾಡಿನಿಂದ ಹಾಡಿಗೆ ನಡೆದು ಜಪಾನ್ ಸೇರಿತ್ತು.

ಅಲ್ಲಿ ಮದುವೆಯ ಕೊನೆಗೆ ಹುಡುಗಿ ಅಪ್ಪ ಅಮ್ಮನಿಗೆ ಬರೆದ ಕಾಗದವನ್ನು ಎಲ್ಲರ ಮುಂದೆ ಓದುತ್ತಾಳಂತೆ. ಹಿಂದೆ ಮೆಲ್ಲಗೆ ಹಾಡು. ಹಾಲ್‌ನ ಇನ್ನೊಂದು ತುದಿಯಲ್ಲಿ ಗೋಡೆಗೆ ಬೆನ್ನು ಮಾಡಿ ಅಪ್ಪ ಅಮ್ಮ ನಿಂತಿರುತ್ತಾರೆ, ಅವರ ಮೇಲೊಂದು ಲೈಟು. ಆಮೇಲೆ ಹೂಗುಚ್ಛ, ಸೊಂಟ ಬಗ್ಗಿಸಿದ ನಮಸ್ಕಾರ, ಊರಿಗೆಲ್ಲ ಅಳು. ಮದುವೆಗಳು ಮುಗಿದರೆ ಶಾಲೆ ಬಿಡುವ ಮಕ್ಕಳು ಸಾಲಾಗಿ ನಿಂತು ಹೆತ್ತವರಿಗೆ ಹಾಡುತ್ತಾರೆ. ಅದೂ ಮುಗಿದರೆ ಯಾವನೋ ಗಿಟಾರು ಹಿಡಿದು ಅಮ್ಮನ ಮುಂದೆ ಕೂರುತ್ತಾನೆ. ಅತ್ತೆಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಅದರಿಂದ ಅವರಿಗೆ ಏನೂ ತೊಂದರೆಯಾಗಲಿಲ್ಲ. ನಾನು ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ಅರ್ಥ ಹೇಳಲು ಕೂರುತ್ತಿದ್ದರು.

"ಈಗ ಏನ್ ಹೇಳ್ತಿದಾಳೆ ಗೊತ್ತೇನೆ? ಅಮ್ಮ, ನಿನ್ನ ಪಾಲಿನ ಚಕ್ಕುಲೀನೂ ನಂಗೇ ಕೊಟ್ಟೆಯಲ್ಲ, ಅಂತ."

"ಜಪಾನಲ್ಲಿ ಚಕ್ಕುಲಿ ಎಲ್ಲಿಂದ ಬಂತು ಅತ್ತೆ?"

"ಅಕ್ಕಿ ಬೆಳೀತಾರೋ ಇಲ್ವೋ? ಅಕ್ಕಿ ಇದ್ಮೇಲೆ ಚಕ್ಕುಲಿ ಇಲ್ದೆ ಇರತ್ತಾ? ಮಾತಾಡ್ಬೇಡ, ಕೇಳು."

ಕೇಳಿದೆ. ಒಬ್ಬ ಜಪಾನಿ ಹುಡುಗ ತನ್ನ ಕಿವಿ ಸೋರುತ್ತಿದ್ದಾಗ ಅಮ್ಮ ಬೆಚ್ಚಗಿನ ಎಣ್ಣೆ ಬಿಟ್ಟದ್ದನ್ನು ನೆನೆದ. ಇನ್ನೊಬ್ಬ, ಲೆಕ್ಕದಲ್ಲಿ ಫೇಲಾದಾಗ ಅಪ್ಪನ ಬೆಲ್ಟಿಗೆ ಅಮ್ಮ ಅಡ್ಡ ನಿಂತದ್ದನ್ನು. ಮತ್ತೊಬ್ಬ, ಅಗ್ರಹಾರದ ಬಸ್ ಸ್ಟಾಪಿನವರೆಗೆ ಅಮ್ಮ ಟಿಫನ್ ಡಬ್ಬಿ ಹಿಡಿದು ಓಡಿಬಂದದ್ದನ್ನು. ಆಗ ನನಗೆ ಗೊತ್ತಾಯಿತು, ಜಪಾನಿನ ಗಂಡುಮಕ್ಕಳೆಲ್ಲ ಹಾಡುತ್ತಿದ್ದುದು ನನ್ನ ಗಂಡನ ಬಾಲ್ಯವನ್ನು. ಮದುವೆಯಾದ ಮೇಲೆ ಇವರ ಬಾಯಿಂದ ಹೊರಡದ ಸಂಗತಿಯೆಲ್ಲ ನನಗೆ ಟೋಕಿಯೋ ಕಡೆಯಿಂದ ತಿಳಿಯಿತು.

ಅತ್ತೆಗೆ ಬೇಕಾದದ್ದು ಒಂದೇ. ಅದನ್ನು ಮುಚ್ಚಿಡುವ ಜಾತಿಯವರೂ ಅಲ್ಲ. ಮಗ ಒಂದು ಸಲ, ನಾಲ್ಕು ಜನರ ಮುಂದೆ, ಬಾಯಿಬಿಟ್ಟು ಹೇಳಬೇಕು.

ಎಂಥ ಕಷ್ಟದ ಆಸೆ! ನಮ್ಮ ಜನರಲ್ಲಿ ಅಮ್ಮನಿಗೆ ಥ್ಯಾಂಕ್ಸ್ ಹೇಳಿದರೆ ಜ್ವರವೇ ಎಂದು ಹಣೆ ಮುಟ್ಟಿ ನೋಡುತ್ತಾರೆ. ಧನ್ಯವಾದ ಎಂಬುದು ನಮಗೆ ವಂದನಾರ್ಪಣೆ, ಸಭೆಯ ಕೊನೆಯ ಐಟಂ. ಮೈಕ್‌ಸೆಟ್ಟಿನವರಿಗೆ, ಶಾಮಿಯಾನದವರಿಗೆ, ಸ್ಪಾನ್ಸರರಿಗೆ ಅದು ಸಲ್ಲುತ್ತದೆ. ಹೇಳುವವನು ಹೇಳುತ್ತಿರುವಾಗಲೇ ಜನ ತಟ್ಟೆ ಹಿಡಿಯಲು ಎದ್ದಿರುತ್ತಾರೆ. ಅದರ ಮೇಲೆ ನಮ್ಮವರ ಬಾಯಿ. 'ಹೂಂ' ಎಂಬುದನ್ನು ನಾಲ್ಕು ರಾಗದಲ್ಲಿ ಹೇಳಿ ಸಂಸಾರ ನಡೆಸಿದ ಮನುಷ್ಯ. ನಾನು ವಿಷಯ ತೆಗೆದಾಗ ಬೂಟು ಕಳಚುತ್ತ ಅಂದರು:

"ಜಪಾನಿಗೆ ಗ್ಯಾಸ್ ಕಳ್ಸೋದು ನಾವು. ಅವರೇ ನಮಗೆ ಥ್ಯಾಂಕ್ಸ್ ಹೇಳ್ಬೇಕು."

ಅತ್ತೆಗೆ ಶಾಲೆಯ ಮೇಷ್ಟ್ರು ದಯಪಾಲಿಸಿದ ಹುಟ್ಟುಹಬ್ಬ ಜೂನ್ ಒಂದು. ಪಾಸ್‌ಪೋರ್ಟಿನಲ್ಲೂ ಅದೇ. ಇವರಿಂದ ಒಂದು 'ಹೂಂ' ಗಿಟ್ಟಿಸಿ ಆ ದಿನಕ್ಕೆ ಮುಹೂರ್ತವಿಟ್ಟೆವು. ಕೆಳಗಿನ ಮನೆಯ ಉಡುಪಿ ಕಡೆಯ ಹೆಂಗಸು, ಚರ್ಚಿನ ಕಾಯರ್‌ನಲ್ಲಿ ಹಾಡುವವರು, ಒಂದೇ ಒಂದು ಸಾಲನ್ನು ಇವರಿಗೆ ಕಲಿಸುವ ಹೊಣೆ ಹೊತ್ತರು. 'ಅರಿಗಾತೊ', ಅಂದರೆ ಜಪಾನಿಯರ ಥ್ಯಾಂಕ್ಸ್, ಎಂದು ಮುಗಿಯುವ ಸಾಲು. ಎರಡನೆಯ ದಿನಕ್ಕೇ ಸೋತು ನನ್ನ ಹತ್ತಿರ ಬಂದರು.

"ಅವ್ರಿಗೆ ಬಾಯಿ ತೆರೀಲಿಕ್ಕೆ ಹೇಳಿ ಮಾರಾಯ್ತಿ. ಎಲ್ಲ ಮೂಗಲ್ಲೇ ಹೋಗ್ತದೆ. ಗ್ಯಾಸ್ ಲೀಕ್ ಆದ ಹಾಗೆ ಕೇಳ್ತದೆ."

ಅತ್ತೆ ಮಾತ್ರ ರಂಗಸಜ್ಜಿಕೆ ನೋಡಿಕೊಂಡರು. "ನಾನು ಈ ಗೋಡೆಗೆ ನಿಂತ್ಕೋತೀನಿ. ನೀನು ಫ್ರಿಜ್ ಹತ್ರ ನಿಂತ್ಕೊಳ್ಳೋ. ಬೇರೆ ಲೈಟೆಲ್ಲ ಆರ್ಸಿ. ಬಗ್ಗೋವಾಗ ಸೊಂಟದಿಂದ ಬಗ್ಗು, ಕತ್ತು ಆಡಿಸ್ಬೇಡ, ಬಸವನ ಹಾಗೆ."

ಆ ಸಂಜೆ ವಿಲ್ಲಾದ ಸಂಸಾರಗಳೆಲ್ಲ ನಮ್ಮ ಹಾಲ್‌ನಲ್ಲಿ ತುಂಬಿದ್ದವು. ಅತ್ತೆ ಮೈಸೂರು ಸಿಲ್ಕ್ ಉಟ್ಟು, ಕರವಸ್ತ್ರ ಹಿಡಿದು, ಗದ್ದವನ್ನು ಮುಂಗಡವಾಗಿಯೇ ನಡುಗಿಸುತ್ತ ಲೈಟಿನ ಕೆಳಗೆ ನಿಂತರು. ಇವರು ಫ್ರಿಜ್ಜಿನ ಹತ್ತಿರ ಗಂಟಲು ಸರಿ ಮಾಡಿಕೊಂಡರು. ಅಮ್ಮನನ್ನು ನೋಡಿದರು. ನೆಲ ನೋಡಿದರು. ಕೆಳಮನೆಯವರು ಕೈಯಲ್ಲೇ ತಾಳ ಎತ್ತಿಕೊಟ್ಟರು.

"ಎಲ್ರೂ ಬಂದಿದ್ದಕ್ಕೆ ಥ್ಯಾಂಕ್ಸ್," ಅಂದರು ಇವರು. "ಊಟ ರೆಡಿ ಇದೆ."

ಜನ ಎದ್ದರು. ಏಳದೆ ಏನು ಮಾಡುತ್ತಾರೆ? ಪಲಾವ್ ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು. ಅತ್ತೆ ಇನ್ನೂ ಗೋಡೆಯ ಹತ್ತಿರವೇ ಇದ್ದರು. ಒದ್ದೆಯಾಗದ ಕರವಸ್ತ್ರವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿ, "ಮೊಸರು ಸಾಲತ್ತಾ ನೋಡು," ಎಂದು ನನಗೆ ಹೇಳಿದರು.

ಮಾರನೆಯ ದಿನವೂ ಟ್ಯಾಬಿನಲ್ಲಿ ಜಪಾನಿಯರು ಅಳುತ್ತಲೇ ಇದ್ದರು. ನಾನು ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತೆ.

"ಈ ಹುಡುಗ ಏನಂತಾನೆ ಅತ್ತೆ?"

"ನಂಗೇನು ಜಪಾನಿ ಬರುತ್ತಾ?"

ವೀಸಾ ಮುಗಿದು ಮೈಸೂರಿಗೆ, ಮಗಳ ಮನೆಗೆ ಹೋದರು. ದೀಪಾವಳಿ ಇನ್ನೂ ಬಂದಿರಲಿಲ್ಲ, ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಇವರು ಚಿತೆಗೆ ಬೆಂಕಿ ಇಟ್ಟರು, ತಲೆ ಬೋಳಿಸಿಕೊಂಡರು, ಹೇಳಿಸಿದ್ದನ್ನೆಲ್ಲ ಹೇಳಿದರು. ಅತ್ತದ್ದನ್ನು ನಾನು ನೋಡಲಿಲ್ಲ. ನಾನು ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿಕೊಂಡು ಅತ್ತುಬಿಟ್ಟೆ.

ವರ್ಷದ ತಿಥಿಗೆ ರಜೆಯೆಲ್ಲ ತೀರಿತು, ಗಯಾ ಶ್ರಾದ್ಧ ಉಳಿಯಿತು. ನಾದಿನಿ ಫೋನ್ ಮಾಡಿದಳು: "ಈಗ ಆನ್‌ಲೈನಲ್ಲೂ ಮಾಡಿಸ್ತಾರೆ ಅತ್ತಿಗೆ. ಕನ್ನಡ ಬರೋ ಪುರೋಹಿತರಿದಾರೆ. ಅಣ್ಣನ್ನ ಶುಕ್ರವಾರ ಬೆಳಿಗ್ಗೆ ಫೋನ್ ಮುಂದೆ ಕೂರ್ಸಿ ಸಾಕು."

ಕೂರಿಸಿದೆ. ಫೋನನ್ನು ಕುಕ್ಕರಿಗೆ ಒರಗಿಸಿದೆ. ಪರದೆಯ ತುಂಬ ತಾಯಿ ಕಳೆದುಕೊಂಡ ಗಂಡಸರು. ಅಮೆರಿಕದವರೊಬ್ಬರು ಬರಿಮೈಯಲ್ಲಿ ಕೂರಲಾಗದ ಚಳಿಗೆ ಉತ್ತರೀಯದ ಕೆಳಗೆ ಸ್ವೆಟರ್ ಹಾಕಿದ್ದರು. ಯಾರದೋ ಮನೆಯ ಮಿಕ್ಸಿ ನಡುನಡುವೆ ಮಂತ್ರ ಹೇಳುತ್ತಿತ್ತು. ಗಯಾದಲ್ಲಿ ಪುರೋಹಿತರು ನಮ್ಮೆಲ್ಲರ ಪರವಾಗಿ ಪಿಂಡದ ಮುಂದೆ ಕೂತಿದ್ದರು. ತಾಯಿಗೆ ಮಾತ್ರ ಇಡುವ ಪಿಂಡಗಳು ಹದಿನಾರು, ಒಂದೊಂದಕ್ಕೂ ಒಂದು ಮಂತ್ರ, ನನ್ನ ಹಿಂದೆ ಹೇಳಿ ಎಂದರು.

ಇವರು ಒಂದನ್ನು ಹೇಳಿ ನಿಲ್ಲಿಸಿದರು. "ಅರ್ಥ ಏನು ಇದಕ್ಕೆ?"

"ಅರ್ಥ ಆಮೇಲೆ ಯಜಮಾನರೇ. ಇನ್ನೊಂದು ಬ್ಯಾಚ್ ಕಾಯ್ತಿದೆ."

"ಕಾಯ್ಲಿ. ಗೊತ್ತಿಲ್ದೆ ನಾನು ಹೇಳಲ್ಲ."

ಮದುವೆಯಾದ ಮೇಲೆ ಇವರು ಇಷ್ಟು ಗಟ್ಟಿಯಾಗಿ ಮಾತಾಡಿದ್ದು ನನಗೆ ನೆನಪಿಲ್ಲ. ಅಮೆರಿಕದವರೂ ತಲೆ ಎತ್ತಿದರು. ಪುರೋಹಿತರು ಉಸಿರುಬಿಟ್ಟು ಹೇಳಿದರು: ಹೊಟ್ಟೆಯಲ್ಲಿ ಹೊತ್ತು ನಡೆದ ಆಯಾಸಕ್ಕೆ ಒಂದು. ಹಾಸಿಗೆ ನೆನೆಸಿದಾಗ ಮಗುವನ್ನು ಒಣಗಿದ ಕಡೆಗೆ ಸರಿಸಿ ತಾನು ಒದ್ದೆಯಲ್ಲಿ ಮಲಗಿದ್ದಕ್ಕೆ ಒಂದು. ಮಗುವಿನ ಕಾಯಿಲೆಗೆ ತಾನು ಕಹಿ ಕಷಾಯ ಕುಡಿದದ್ದಕ್ಕೆ ಒಂದು.

ಇವರು ನನ್ನ ಕಡೆ ತಿರುಗಿದರು. "ಕುಡಿದಿದ್ಲಂತಾ?"

"ಹೂಂ. ಸ್ಕೂಲ್ ಮಕ್ಕಳ ಹಾಡಲ್ಲಿ ಬಂದಿತ್ತು."

ಇವರ ಮುಖ ಒಂದು ಥರ ಆಯಿತು. "ಮುಂದಿಂದು ಹೇಳಿ," ಎಂದರು ಫೋನಿಗೆ. ಹೀಗೆ ಅರ್ಥ ಕೇಳಿ, ಸಂಸ್ಕೃತ ಹೇಳಿ, ಕನ್ನಡದಲ್ಲಿ ಮೂಗು ಒರೆಸಿಕೊಂಡು ಹದಿನಾರು ಮುಗಿಸಿದರು. ಮಿಕ್ಸಿ ಯಾವಾಗ ನಿಂತಿತೋ ತಿಳಿಯಲಿಲ್ಲ.

"ತಾಯಿಯವರು ತೃಪ್ತರಾದರು," ಎಂದರು ಪುರೋಹಿತರು, ಕೈ ತೊಳೆಯಲು ತಂಬಿಗೆ ಹುಡುಕುತ್ತ.

"ನೀವು ನಮ್ಮಮ್ಮನ್ನ ನೋಡಿಲ್ಲ. ಇನ್ನೊಂದು ಇಡಿ."

"ಹದಿನಾರೇ ಯಜಮಾನರೇ. ಅದಕ್ಕೇ ಮಂತ್ರ ಇರೋದು."

"ಮಂತ್ರ ಬೇಡ, ನಾನೇ ಹೇಳ್ತೀನಿ." ಇವರು ಪರದೆಯ ಹತ್ತಿರಕ್ಕೆ ಬಗ್ಗಿದರು. ಅಷ್ಟು ಜನರ ಮುಂದೆ, ಬಾಯಿ ಪೂರಾ ತೆರೆದು ಹೇಳಿದರು: "ಅಮ್ಮ, ನಿನ್ನ ಇಲ್ಲಿಗೆ ಕರ್ಕೊಂಡ್ ಬಂದು ಒಂದು ರೂಮಲ್ಲಿ ಕೂರಿಸ್ಬಿಟ್ಟೆ. ಒಂದು ದಿನಾನೂ ಬೇಜಾರು ಮಾಡ್ಕೊಳ್ಳದೆ ಕೂತಿದ್ದೆಯಲ್ಲ, ಅದಕ್ಕೆ."

ಅದು ಹಸಿ ಸುಳ್ಳು. ಅತ್ತೆ ಬೇಜಾರು ಮಾಡಿಕೊಳ್ಳದ ದಿನವಿರಲಿಲ್ಲ. ಮಾಡಿಕೊಂಡರೆ ಕೆಳಮನೆಯವರಿಗೂ ಕೇಳುವಂತೆ ಮಾಡಿಕೊಳ್ಳುತ್ತಿದ್ದರು. ನಾನು ತಿದ್ದಲು ಹೋಗಲಿಲ್ಲ. ಪುರೋಹಿತರು ತಂಬಿಗೆ ಕೆಳಗಿಟ್ಟು, ಗೊಣಗುತ್ತ, ಇನ್ನೊಂದು ಉಂಡೆಗೆ ಹಿಟ್ಟು ಕಲಸತೊಡಗಿದರು.