ಐದನೆಯ ವರಸೆ

ಬಡವನಹಳ್ಳಿ ಬಸ್ ಸ್ಟ್ಯಾಂಡಿನ ಎದುರಿಗೆ ಮೊಬೈಲ್ ಕವರುಗಳನ್ನು ತೋರಣದ ಹಾಗೆ ತೂಗುಹಾಕಿರುವ ಅಂಗಡಿಯೊಂದಿದೆ. ಮುಂದಿನ ಅರ್ಧ ಪರಮೇಶನದು, ಹಿಂದಿನ ಅರ್ಧ ಅವನ ಹೆಂಡತಿ ಚನ್ನಮಲ್ಲಮ್ಮನದು. ಅವನು ಮಾರುತ್ತಾನೆ, ಅವಳು ರಿಪೇರಿ ಮಾಡುತ್ತಾಳೆ. ಅವಳು ಓದಿದ್ದು ನಾಲ್ಕನೇ ಕ್ಲಾಸು. ಉಳಿದ ವಿದ್ಯೆಯೆಲ್ಲ ಮಧುಗಿರಿಯಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದ ಅಪ್ಪ ಪರ್ವತಯ್ಯನ ಪಕ್ಕ ಕೂತು ಕಲಿತದ್ದು. ಯಾವ ಸಾಮಾನು ಬಂದರೂ ಅವಳು ಮೊದಲಿಗೇ ಬಿಚ್ಚುವುದಿಲ್ಲ. ಕಣ್ಣು ಮುಚ್ಚಿ ಕೇಳುತ್ತಾಳೆ. ಮಿಕ್ಸಿಯಲ್ಲಿ ಏನು ಸವೆದಿದೆ, ಸ್ಪೀಕರಿನಲ್ಲಿ ಏನು ಉಜ್ಜುತ್ತಿದೆ, ಕಿವಿಯಿಂದಲೇ ಹೇಳುತ್ತಾಳೆ. ಒಮ್ಮೆ ಕೇಳಿದ ಸದ್ದನ್ನು ಅವಳು ಮರೆತದ್ದಿಲ್ಲ. "ಮದುವೆ ಆದ ಹೊಸದ್ರಲ್ಲಿ ನಾನಂದಿದ್ದನ್ನೂ ಮರ್ತಿಲ್ಲ, ಅದೇ ತೊಂದ್ರೆ" ಎಂದು ಪರಮೇಶ ಗಿರಾಕಿಗಳ ಮುಂದೆ ಹಲ್ಲು ಬಿಡುತ್ತಾನೆ.

ಹೋದ ಕಾರ್ತೀಕದ ಒಂದು ಸೋಮವಾರ ಬೆಳಿಗ್ಗೆ, ಪಟ್ಟನಾಯಕನಹಳ್ಳಿ ಕಡೆಯ ಹಟ್ಟಿಯಿಂದ ಕರಿಯಕ್ಕ ಎಂಬ ಮುದುಕಿ ಬಂದಳು. ಕಂಬಳಿಯ ಗಂಟನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು. ಒಳಗೆ ಕಪ್ಪು ಪೆಟ್ಟಿಗೆ. ಮೇಲೆ ಹದಿನಾರು ರಬ್ಬರು ಗುಂಡಿ, ಮಂಕಾದ ಚಿಕ್ಕ ಪರದೆ. ಮೂವತ್ತೈದು ವರ್ಷ ಹಳೆಯ ಜಪಾನಿನ ಸೀಕ್ವೆನ್ಸರ್. ಗುಂಡಿಗಳ ಮೇಲೆ ಬೆರಳಲ್ಲಿ ಬಡಿದದ್ದನ್ನು ಹಾಗೇ ನೆನಪಿಟ್ಟುಕೊಂಡು, ಬೇಕೆಂದಾಗ ಮತ್ತೆ ನುಡಿಸುವ ಯಂತ್ರ.

"ನಮ್ಮಣ್ಣ ಬೋರಣ್ಣಂದು ಕಣಮ್ಮ," ಎಂದಳು ಕರಿಯಕ್ಕ. "ಸಿರಾದಾಗೆ ಆರ್ಕೆಸ್ಟ್ರಾದೋರ ಜತೆ ಒಂದಷ್ಟು ವರ್ಸ ಇದ್ದ. ಅವ್ರು ಮುಚ್ಕೊಂಡು ಹೋಗೋವಾಗ ಇದ್ನ ಇವ್ನಿಗೆ ಕೊಟ್ಟೋದ್ರು. ಅವ್ನು ಸತ್ತು ಮೂರು ವರ್ಸ ಆತು. ಅವ್ನ ಕೈ ಮಾತ್ರ ಇದ್ರೊಳಗೈತೆ."

ಬೋರಣ್ಣ ಹಟ್ಟಿಯಲ್ಲಿ ಉರುಮೆ ಎಂಬ ಚರ್ಮವಾದ್ಯ ನುಡಿಸುತ್ತಿದ್ದವನು. ಅವರ ದೇವರು ಇರುವುದು ಬಿದಿರಿನ ಪೆಟ್ಟಿಗೆಯಲ್ಲಿ. ವರ್ಷಕ್ಕೊಮ್ಮೆ, ಕಾರ್ತೀಕದ ಕೊನೆಯ ಸೋಮವಾರ, ಅದನ್ನು ಹೆಗಲಿಗೇರಿಸಿ ಹಟ್ಟಿ ಸುತ್ತಬೇಕು. ಬೋರಣ್ಣನ ಬಡಿತ ಕಿವಿಗೆ ಬೀಳದೆ ಆ ಪೆಟ್ಟಿಗೆ ನೆಲ ಬಿಟ್ಟು ಏಳುತ್ತಿರಲಿಲ್ಲ. ಅದನ್ನು ಕಲಿತವರು ಬೇರೆ ಯಾರೂ ಇರಲಿಲ್ಲ. ಹಾಸಿಗೆ ಹಿಡಿದ ಮೇಲೆ ಬೋರಣ್ಣ ಮಲಗಿದಲ್ಲೇ ಬೆರಳಾಡಿಸಿ ಬಡಿತವನ್ನು ಈ ಯಂತ್ರಕ್ಕೆ ಹಾಕಿಟ್ಟಿದ್ದ. ಮೂರು ವರ್ಷದಿಂದ ದೇವರು ಏಳುತ್ತಿದ್ದುದು ಇದರ ಸದ್ದಿಗೆ.

"ಈಗ ಆನ್ ಮಾಡಿದ್ರೆ ಏನೋ ಅಕ್ಸರ ಬರ್ತೈತೆ. ನನ್ ತಮ್ಮನ ಮಗ ಸುರೇಶ ಓದ್ಬುಟ್ಟು, ಬ್ಯಾಟ್ರಿ ಸಾಯ್ತೈತೆ ಅಂದ. ಅದು ಸತ್ರೆ ಒಳಗಿರಾದೂ ಹೋಗ್ತೈತಂತಲ್ಲ? ಬರೋ ಸೋಮಾರ ದೇವ್ರನ್ನ ಎತ್ಬೇಕು."

"ಹೋಗಕ್ಕೆ ನಾನು ಬಿಡಲ್ಲ," ಎಂದಳು ಚನ್ನಮಲ್ಲಮ್ಮ. "ಭಾನುವಾರ ಬಾ ಕರಿಯಕ್ಕ."

ಮೂರು ದಿನ ಅವಳು ಅದನ್ನು ಬಿಚ್ಚಲಿಲ್ಲ, ಬರೀ ಕೇಳಿದಳು. ಬಡಿತದ ನಾಲ್ಕು ವರಸೆಗಳಿದ್ದವು. ಒಂದೊಂದರ ಕೊನೆಗೂ ಒಂದು ಉಸಿರಿನಷ್ಟು ಖಾಲಿ. ಉರುಮೆಯ ಒಂದು ಬದಿಯನ್ನು ಬಡಿಯುತ್ತಾರೆ, ಇನ್ನೊಂದು ಬದಿಯ ಚರ್ಮವನ್ನು ಬಾಗಿದ ಕಡ್ಡಿಯಿಂದ ಉಜ್ಜುತ್ತಾರೆ. ಉಜ್ಜಿದಾಗ ಅದು ನರಳುತ್ತದೆ. ಯಂತ್ರಕ್ಕೆ ಬಡಿಯಲು ಬರುತ್ತಿತ್ತು, ನರಳಲು ಬರುತ್ತಿರಲಿಲ್ಲ. ಆ ಜಾಗವನ್ನು ಬೋರಣ್ಣ ಸುಮ್ಮನೆ ಬಿಟ್ಟಿದ್ದ.

ಎರಡನೆಯ ದಿನ ಮಧ್ಯಾಹ್ನ ಆ ಖಾಲಿಯೊಳಗಿಂದ ಚನ್ನಮಲ್ಲಮ್ಮನಿಗೆ ನರಳಿಕೆ ಕೇಳಿಸಿತು. ಅರ್ಥಿಂಗ್ ಸರಿಯಿಲ್ಲದ ಗುಂಯ್‌ಗುಡುವಿಕೆ ಇರಬೇಕೆಂದು ವೈರು ಬದಲಿಸಿದಳು. ಮತ್ತೂ ಕೇಳಿಸಿತು. ಸ್ಪೀಕರು ಕಿತ್ತು ಹೆಡ್‌ಫೋನ್ ಹಾಕಿಕೊಂಡಳು. ಈಗ ಹತ್ತಿರದಿಂದ ಕೇಳಿಸಿತು.

"ರೀ, ಇಲ್ಲಿ ಸ್ವಲ್ಪ ಕೇಳಿ."

ಪರಮೇಶ ಹೆಡ್‌ಫೋನ್ ಏರಿಸಿಕೊಂಡ. "ಬಡೀತದೆ, ನಿಲ್ತದೆ, ಬಡೀತದೆ. ಥೇಟ್ ನಿನ್ ಹಂಗೇ. ಬೈತೀಯ, ಉಸಿರು ತಗೋತೀಯ, ಮತ್ತೆ ಬೈತೀಯ."

"ನಿಂತಾಗ ಏನು ಕೇಳಿಸ್ತದೆ?"

"ನಿಂತಾಗ ಏನಿರ್ತದೆ? ಏನಿಲ್ಲ," ಎಂದ. ಆದರೆ ಹೆಡ್‌ಫೋನನ್ನು ಬೇಗ ತೆಗೆದಿಟ್ಟ. ನಿಮಿರಿದ್ದ ತೋಳಿನ ಕೂದಲನ್ನು ಸವರಿಕೊಳ್ಳುತ್ತ ಬಿಸಿಲಿಗೆ ಹೋಗಿ ನಿಂತ.

ಶುಕ್ರವಾರ ಬಿಚ್ಚಿದಳು. ಸವೆದ ಗುಂಡಿಗಳ ತಳವನ್ನು ಸ್ಪಿರಿಟ್ಟಿನಲ್ಲಿ ಒರೆಸಿದಳು. ಹಟ್ಟಿಯ ಮೈಕ್‌ಸೆಟ್ಟಿಗೆ ನೇರ ಸಿಕ್ಕಿಸಲು ಬರಲೆಂದು ಹಿಂಬದಿಗೆ ಹೊಸದೊಂದು ತೂತು ಕೊರೆದು ಸಾಕೆಟ್ ಕೂರಿಸಿದಳು. ಕೊನೆಗೆ ಬ್ಯಾಟರಿ. ಅದನ್ನು ತಯಾರಿಸುವಾಗಲೇ ಹಲಗೆಗೆ ಬೆಸೆದುಬಿಟ್ಟಿದ್ದರು. ಅದನ್ನು ಕಿತ್ತು, ಮುಂದೆ ಯಾರು ಬೇಕಾದರೂ ಬದಲಿಸಬಹುದಾದ ಹೋಲ್ಡರ್ ಹಾಕಬೇಕು. ಕೀಳುವ ಹೊತ್ತಿಗೆ ಯಂತ್ರದ ನೆನಪು ಹಸಿಯದಂತೆ ಬೇರೆ ಕಡೆಯಿಂದ ಕರೆಂಟು ಉಣಿಸುತ್ತಿರಬೇಕು. ಟಾರ್ಚಿನ ಎರಡು ಸೆಲ್ಲು ಜೋಡಿಸಿ ವೈರು ಕೊಟ್ಟಳು. ಮೀಟರು ಪಕ್ಕದಲ್ಲೇ ಇತ್ತು, ಹಿಡಿದು ನೋಡಲಿಲ್ಲ. ನಲವತ್ತು ವರ್ಷ ಕಿವಿಯನ್ನೇ ನಂಬಿದವಳು. ಸೆಲ್ಲಿಗೆ ಸದ್ದಿಲ್ಲ. ಎರಡರಲ್ಲಿ ಒಂದು ಸತ್ತಿತ್ತು.

ಹೊಸ ಬ್ಯಾಟರಿ ಹಾಕಿ ಸ್ವಿಚ್ ಒತ್ತಿದಾಗ ಪರದೆ ಸ್ವಚ್ಛವಾಗಿ ಬೆಳಗಿತು. ನಾಲ್ಕು ವರಸೆಯ ಜಾಗದಲ್ಲೂ ಸೊನ್ನೆ.

ಅವಳು ಯಾರಿಗೂ ಹೇಳಲಿಲ್ಲ. ಊಟಕ್ಕೆ ಕರೆದರೆ ಹಸಿವಿಲ್ಲವೆಂದಳು. ಸತ್ತವನ ಕೈಯನ್ನು ತನ್ನ ಕೈಯಾರೆ ಒರೆಸಿಹಾಕಿದೆನಲ್ಲ ಎಂದು ಒಳಗೇ ಕುಸಿದಳು. ಶನಿವಾರ ಬೆಳಿಗ್ಗೆ ಎದ್ದು ನೇರ ಮೇಜಿನ ಮುಂದೆ ಕೂತಳು. ಕಿವಿಯೊಳಗೆ ನಾಲ್ಕೂ ವರಸೆ ಹಾಗೇ ಇದ್ದವು. ಬಡಿತದ ಓರೆಕೋರೆಯನ್ನು ತಾನಾಗಿ ತಿದ್ದಿಬಿಡುವ ಗುಣ ಆ ಯಂತ್ರಕ್ಕಿತ್ತು. ಮೊದಲು ಅದನ್ನು ಆಫ್ ಮಾಡಿದಳು. ಆಮೇಲೆ ಬಡಿದಳು. ಬೋರಣ್ಣನ ಬಲಗೈ ಎಳ್ಳಿನಷ್ಟು ತಡ. ಆ ತಡವನ್ನೂ ಬಿಡದೆ ಬಡಿದಳು. ಒಂದು, ಎರಡು, ಮೂರು.

ನಾಲ್ಕನೆಯದು ಮುಗಿದು ಖಾಲಿ ಬಂತು. ಬೆರಳು ಎತ್ತಬೇಕಿತ್ತು. ಎತ್ತಲಾಗಲಿಲ್ಲ. ಬೆರಳುಗಳು ತಾವೇ ಮುಂದಕ್ಕೆ ಹೋದವು, ಮೆಲ್ಲಗೆ, ಒಂದೊಂದು ಬಡಿತಕ್ಕೂ ಭಾರ ಇಳಿಯುವ ಹಾಗೆ. ಅಂಥದನ್ನು ಅವಳು ಎಂದೂ ಕೇಳಿರಲಿಲ್ಲ. ಆ ಹಟ್ಟಿಯನ್ನೇ ಅವಳು ನೋಡಿರಲಿಲ್ಲ. ನಿಂತ ಮೇಲೆ ಕೈ ನೋಡಿಕೊಂಡಳು. ಬೆರಳ ತುದಿ ಮಂಜು ಮುಟ್ಟಿದಂತೆ ತಣ್ಣಗಿತ್ತು. ಪರದೆಯ ಮೇಲೆ ಐದು ಎಂದಿತ್ತು.

ಭಾನುವಾರ ಕರಿಯಕ್ಕ ಬಂದು ಕೂರುವ ಮೊದಲೇ ಚನ್ನಮಲ್ಲಮ್ಮ ಹೇಳಿಬಿಟ್ಟಳು. "ಅಕ್ಕ, ನಿಮ್ಮಣ್ಣ ಹಾಕಿದ್ದು ಹೋಯ್ತು. ನಾನೇ ಕಳೆದೆ. ಕಿವೀಲಿದ್ದಿದ್ದನ್ನ ತಿರುಗಿ ಬಡಿದು ಹಾಕಿದ್ದೀನಿ. ಬೇಡ ಅಂದ್ರೆ ಬೇಡ ಅನ್ನು."

ಮುದುಕಿ ಮೇಜಿನ ಮುಂದೆ ಕೂತಳು. "ಹಾಕು," ಎಂದಳು.

ನಾಲ್ಕಕ್ಕೂ ತಲೆದೂಗಿದಳು. ಐದನೆಯದು ಶುರುವಾದದ್ದೇ ಯಂತ್ರದ ಮೇಲೆ ಅಂಗೈ ಒತ್ತಿಬಿಟ್ಟಳು. "ನಿಲ್ಸು. ಇದ್ನ ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ಕೈಗೆ ಬಂತು."

"ಇದು ಇಳ್ಸೋ ಬಡಿತ ಕಣವ್ವ." ಅವಳ ದನಿ ಇಳಿದಿತ್ತು. "ಎತ್ತೋದ್ನ ಹಾಕಿದ್ದ, ಇಳ್ಸೋದ್ನ ಹಾಕೋ ಮುಂಚೆ ಬೋರಣ್ಣ ಹೊಂಟ್ಬುಟ್ಟ. ಮೂರು ವರ್ಸದಿಂದ ಎತ್ತವ್ರೆ, ಇಳ್ಸಿಲ್ಲ. ಪೆಟ್ಟಿಗೆ ನೆಲದ ಮ್ಯಾಲೈತೆ, ದೇವ್ರು ನೆಲದ ಮ್ಯಾಲಿಲ್ಲ. ಹೊತ್ತೋನು ಸುರೇಶ. ಅವ್ನು ಮಲಗಿದ್ರೂ ಬಲಗೈ ಹೆಗಲ ಮ್ಯಾಲೇ ಇರ್ತೈತೆ. ತೆಗೆಯಾಕೆ ಹೋದ್ರೆ ಬರಲ್ಲ."

"ಹಾಗಾದ್ರೆ ಈಗ್ಲೇ ಪೂರ್ತಿ ಕೇಳಿ ನೋಡು, ಸರಿ ಇದೆಯಾ ಅಂತ."

"ಇಲ್ಲಿ ಬ್ಯಾಡ. ಅಲ್ಲೇ ಕೇಳೋಣ. ನೀನೂ ಬಾ."

ಸೋಮವಾರ ಹೊತ್ತು ಇಳಿಯುವ ಮುಂಚೆ ಚನ್ನಮಲ್ಲಮ್ಮ ಹಟ್ಟಿಯ ಬೇಲಿಯ ಬಳಿ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾಲ್ಕು ವರಸೆಗೆ ಪೆಟ್ಟಿಗೆ ಸುರೇಶನ ಹೆಗಲೇರಿತು. ಹಟ್ಟಿ ಸುತ್ತಿ ಬಂದು ನಿಂತಿತು. ಅವಳು ಐದನ್ನು ಒತ್ತಿದಳು. ರೊಪ್ಪದಲ್ಲಿ ಅರಚುತ್ತಿದ್ದ ಕುರಿಗಳು ಒಟ್ಟಿಗೇ ಸುಮ್ಮನಾದವು. ಸುರೇಶ ಮಂಡಿಯೂರಿದ, ಪೆಟ್ಟಿಗೆ ನೆಲ ಮುಟ್ಟಿತು. ಅವನ ಬಲಗೈ ಹೆಗಲಿನಿಂದ ಜಾರಿ ಪಕ್ಕಕ್ಕೆ ಬಿತ್ತು. ಅದು ಬೇರೆ ಯಾರದೋ ಎಂಬಂತೆ ಅವನು ಅದನ್ನೇ ನೋಡುತ್ತಿದ್ದು, ಕುಡಿಯಲು ನೀರು ಕೇಳಿದ. ಕರಿಯಕ್ಕ ಚನ್ನಮಲ್ಲಮ್ಮನ ಎರಡೂ ಕೈಗಳನ್ನು ಹಿಡಿದು ತನ್ನ ಸೆರಗಿನಿಂದ ಒರೆಸಿದಳು. ಯಂತ್ರ ಹಟ್ಟಿಯಲ್ಲೇ ಉಳಿಯಿತು.

ಮಾರನೆಯ ದಿನ ಪರಮೇಶ ಬಿಡಲಿಲ್ಲ. "ಅದೇನು ಬಡಿದೆ ನಮಗೂ ಬಡಿದು ತೋರ್ಸೇ. ನನ್ ಹೆಗಲ ಮೇಲೂ ಸಂಸಾರ ಇದೆ, ಇಳೀಲಿ."

ಅವಳು ನಕ್ಕು, ಮೇಜಿನ ಹಲಗೆಯ ಮೇಲೆ ಬೆರಳಿಟ್ಟಳು. ನಾಲ್ಕು ವರಸೆ ಒಂದು ಎಳ್ಳಷ್ಟೂ ತಪ್ಪದೆ ಬಂದವು. ಆಮೇಲೆ ಕೈ ನಿಂತಿತು. ಕಣ್ಣು ಮುಚ್ಚಿ ಕಾದಳು. ಮತ್ತೆ ಮೊದಲಿಂದ ಬಡಿದಳು. ಅದೇ ಜಾಗಕ್ಕೆ ಮತ್ತೆ ನಿಂತಿತು. ಕಿವಿಯೊಳಗೆ ಎಲ್ಲಿ ಹುಡುಕಿದರೂ ಐದನೆಯದರ ಒಂದು ಪೆಟ್ಟೂ ಸಿಗಲಿಲ್ಲ.

"ಏನೇ, ನೀನೂ ಮರೆಯೋಕೆ ಶುರು ಮಾಡ್ದ್ಯಾ?"

ಚನ್ನಮಲ್ಲಮ್ಮ ಕಣ್ಣು ಬಿಡದೆ ಹೇಳಿದಳು: "ಮರ್ತಿಲ್ಲ ರೀ. ಕೊಟ್ಟೋರು ವಾಪಸ್ ತಗೊಂಡವ್ರೆ."